ಪಾದುವಾದ ಸಂತರಿಗೆ ಚೌರಪ್ಪನ ಕಾಣಿಕೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಇನ್ನಾಸಮ್ಮ ಟೀಚರು. ಡೋರ್ನಹಳ್ಳಿ ಕಡೆಯ ಯಾತ್ರಿಕರ ಜೊತೆ ಇಟಲಿಯ ಪಾದುವಾ ಊರಿಗೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡವರು. ಅವರು ಸುಳ್ಳು ಹೇಳುವುದಿಲ್ಲ, ಸ್ವಲ್ಪ ಉಪ್ಪುಖಾರ ಹಾಕುತ್ತಾರೆ ಅಷ್ಟೆ.

ಅದೇ ಯಾತ್ರೆಗೆ ಮಗನ ಜೊತೆ ಬಂದಿದ್ದ ಜಪಮಾಲೆಮ್ಮನಿಗೆ ಅವನೊಬ್ಬನೇ, ಚೌರಪ್ಪ. ಮೂವತ್ತು ದಾಟಿದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರ ಸಮಾಧಿ ಇರುವುದು ಪಾದುವಾದಲ್ಲಿ. ಆ ಕಲ್ಲಿನ ಮೇಲೆ ಮಗನ ಕೈ ಇಡಿಸಿ, ಅವನ ಬುದ್ಧಿಯನ್ನು ಹುಡುಕಿಸಿಕೊಂಡೇ ಬರುತ್ತೇನೆಂದು ತಾಯಿ ಹರಕೆ ಹೊತ್ತಿದ್ದಳು. ಆ ಊರಿನಲ್ಲಿ ಅವರಿಗಿದ್ದದ್ದು ಒಂದೇ ದಿನ.

ಮೊದಲ ಚರ್ಚಿನಲ್ಲೇ ಚೌರಪ್ಪ ಊರಿನ ಅಭ್ಯಾಸದಂತೆ ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟ. ಒಳಗೆ ಹೋದವನು ಗುಮ್ಮಟ ನೋಡಿ "ಅವ್ವಾ, ಆಕಾಶನೇ ಒಳಗೆ ತಂದವ್ರೆ!" ಎಂದು ಕೂಗಿದ. ಹೊರಬಂದದ್ದು ಬೇರೆ ಬಾಗಿಲಿನಿಂದ. ಬೂಟು ಹೋಯಿತು. ತಾಯಿ ಬೈದಳು: ಇಲ್ಲಿ ಬಿಚ್ಚಬೇಕಾದ್ದು ಬೂಟಲ್ಲ, ಟೋಪಿ. ದೊಡ್ಡದೇನು ಕಂಡರೂ ಮಂಡಿಯೂರು, ಬಾಯಿ ಮುಚ್ಚಿಕೊಂಡಿರು.

ಆಗಲಿ ಎಂದ.

ಮಧ್ಯಾಹ್ನ ಹೋಟೆಲಿನಲ್ಲಿ ಬಿಗೊಲಿ ಬಂತು, ಬಾತುಕೋಳಿ ಸಾರಿನಲ್ಲಿ ಹೊರಳಿಸಿದ ದಪ್ಪ ಶಾವಿಗೆ. ತಟ್ಟೆ ದೊಡ್ಡದಿತ್ತು. ಚೌರಪ್ಪ ಟೋಪಿ ತೆಗೆದು, ಮಂಡಿಯೂರಿ, ಬಾಯಿ ಬಿಗಿಹಿಡಿದ. ಬಡಿಸುವವನು ಬೆರಗಾಗಿ ಅಡುಗೆಯವನನ್ನೇ ಕರೆತಂದ. ತನ್ನ ಶಾವಿಗೆಗೆ ಒಬ್ಬರು ಮಂಡಿಯೂರಿದ್ದನ್ನು ಕಂಡು ಆ ದಪ್ಪ ಮನುಷ್ಯನ ಕಣ್ಣು ತುಂಬಿತಂತೆ. ತಾಯಿಯದು ಮಾತ್ರ ಬೇರೆ ರಾಗ. "ಆರೋಯ್ತದೆ ಕಣ್ಲಾ! ಮುಂದೆ ತಂದು ತೋರಿಸಿದ್ರೆ ಬಾಯಿ ಅಗಲಿಸ್ಬೇಕು."

ಆಗಲಿ ಎಂದ.

ಸಂತರ ಮಹಾದೇವಾಲಯದಲ್ಲಿ, ನೂರಾರು ವರ್ಷಗಳಿಂದ ಕಾಪಿಟ್ಟ ಅವರ ನಾಲಿಗೆಯನ್ನು ಚಿನ್ನದ ಪಾತ್ರೆಯಲ್ಲಿ ತೋರಿಸುತ್ತಾರೆ. ಗೈಡು ಅತ್ತ ಕೈ ತೋರಿಸಿದ್ದೇ ತಡ, ಚೌರಪ್ಪ ಬಾಯಿ ಅಗಲಿಸಿ ನಿಂತ. ಅದೇ ಪದ್ಧತಿಯಿರಬೇಕೆಂದು ಹಿಂದೆ ನಿಂತಿದ್ದ ಪೋಲೆಂಡಿನವರೂ ಅಗಲಿಸಿದರು. ಇನ್ನಾಸಮ್ಮ ಟೀಚರೂ ಒಂದಿಷ್ಟು ಅಗಲಿಸಿದ್ದರಂತೆ.

ತಾಯಿ ಅವನನ್ನು ಸಮಾಧಿಗೆ ಎಳೆದೊಯ್ದಳು. "ಬಾಯಲ್ಲ ಮಗ, ಕೈ. ಕಲ್ಲಿನ ಮೇಲೆ ಕೈಯಿಟ್ಟು, ಕಳ್ಕೊಂಡಿದ್ದು ಕೊಡಿ ಅಂತ ಕೇಳು. ಸಿಗೋಗಂಟ ತೆಗೀಬೇಡ."

ಇಟ್ಟ. ತೆಗೆಯಲಿಲ್ಲ. ಸಾಲು ಬೆಳೆಯಿತು, ಕಾವಲಿನವನು ಕೆಮ್ಮಿದ, ಬಸ್ಸಿನ ಹೊತ್ತಾಯಿತು. ಚೌರಪ್ಪ ಕಣ್ಣುಮುಚ್ಚಿ ನಿಂತೇ ಇದ್ದ. ಆ ಮುಖದಲ್ಲಿ ಎಂಥ ಶಾಂತಿಯೆಂದರೆ, ಬಯ್ಯಲು ಬಂದವರೂ ಕೈಮುಗಿದು ಹಿಂದೆ ಸರಿದರು. ಅಷ್ಟರಲ್ಲಿ ಬಸ್ಸಿನ ಡ್ರೈವರ್ ಬಂದ. ಕೈಯಲ್ಲಿ ಮೊದಲ ಚರ್ಚಿನ ಬಾಗಿಲಲ್ಲಿ ಸಿಕ್ಕ ಬೂಟು.

"ಸಿಕ್ತು ಕಣವ್ವಾ," ಎಂದು ಚೌರಪ್ಪ ಕಲ್ಲಿನಿಂದ ಕೈ ತೆಗೆದು ಬೂಟು ಈಸಿಕೊಂಡ.

ತಾಯಿ ಹಣೆ ಚಚ್ಚಿಕೊಂಡಳು. "ಬೂಟು ಕೇಳಿದ್ಯೇನ್ಲಾ? ಬುದ್ಧಿ ಕೇಳ್ಲಿಲ್ವಾ?"

"ಕಳ್ಕೊಂಡಿದ್ದು ಕೇಳು ಅಂದೆ. ಬುದ್ಧಿ ನನ್ತಾವ ಯಾವತ್ತಿತ್ತವ್ವಾ, ಕಳ್ಕೊಳಕ್ಕೆ?"

ಜಪಮಾಲೆಮ್ಮ ಮಗನನ್ನೇ ನೋಡಿದಳು. ಇಷ್ಟು ಸರಿಯಾದ ಮಾತು ಈ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಸಂತರು ಕೇಳದೆಯೇ ಬುದ್ಧಿ ಕೊಟ್ಟುಬಿಟ್ಟರು! ಅಳುತ್ತಾ ಶಿಲುಬೆ ಗುರುತು ಹಾಕಿಕೊಂಡು, ಹೋಗು ಮಗ, ಸಿಕ್ಕಿದ್ದಕ್ಕೆ ಕಾಣಿಕೆ ಅರ್ಪಿಸಿ ಬಾ, ಕೈಯಲ್ಲಿ ಏನಿದೆಯೋ ಅದನ್ನೇ ಇಡು ಎಂದಳು.

ಆಗಲಿ ಎಂದ.

ಬರಿಗಾಲಲ್ಲಿ ನಗುತ್ತಾ ಬಸ್ಸು ಹತ್ತಿದ.

ನಿಮಗೆ ಗೊತ್ತಿದ್ದವರು ಯಾರಾದರೂ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದರೆ ಇದನ್ನು ಅವರಿಗೂ ಹೇಳಿ. ಉಪ್ಪುಖಾರ ನಿಮ್ಮಿಷ್ಟ.