ತಿರುಗುತ್ತಿದ್ದ ಫ್ಯಾನು

“ಸ್ವಾಮಿ, ಇಪ್ಪತ್ತಾರು ವರ್ಷ ಒಂದೇ ಒಲೆಯ ಅನ್ನ ಉಂಡೆವು. ಅವಳೊಳಗೆ ಬೇನೆ ಬೆಳೆಯುತ್ತಿದ್ದುದು ನನಗೆ ಯಾಕೆ ತಿಳಿಯಲಿಲ್ಲ?”

ಓಬಯ್ಯ ಗುರುಗಳನ್ನು ಕೇಳಿದ. ಅವನ ಹೆಂಡತಿ ತೀರಿ ಮೂರು ತಿಂಗಳಾಗಿತ್ತು. ಅವನು ಮತ್ತೆ ಹೇಳಿದ: “ನಾನೇನು ಕಡಿಮೆ ಮಾಡಿದ್ದೆ? ಉಡಲು ತಂದೆ, ಉಣ್ಣಲು ತಂದೆ. ಒಂದು ದಿನವೂ ಕೈ ಎತ್ತಲಿಲ್ಲ.”

“ಕೂತುಕೋ,” ಎಂದರು ಗುರುಗಳು. ಅವನು ಕೂತ. ಅವರು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹತ್ತಿರ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ದೊಡ್ಡ ಪೆಟ್ಟಿಗೆ ಇತ್ತು. ಊರಿನ ಹೆಂಗಸರು ತಮ್ಮ ನಾಟಿ ಕೋಳಿಯ ಮೊಟ್ಟೆ ತಂದು ಅವನಿಗೆ ಕೊಡುವರು. ಇಪ್ಪತ್ತೊಂದನೆಯ ದಿನ ಬಂದು ಮರಿ ಒಯ್ಯುವರು. ಮಕ್ಕಳು ಕೇಳಿದರೂ ಬೇಯಿಸಿ ಹಾಕದೆ ಕೂಡಿಟ್ಟ ಮೊಟ್ಟೆಗಳು ಅವು.

ಪೆಟ್ಟಿಗೆಯನ್ನು ಒಂದು ಹಳೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಹೀಟರು ಯಾವಾಗ ಉರಿಯಬೇಕು, ಯಾವಾಗ ಆರಬೇಕು, ಮೊಟ್ಟೆ ಯಾವಾಗ ಹೊರಳಬೇಕು, ಎಲ್ಲ ಅದರದೇ ಕೆಲಸ. ರೈತ ಅದರ ಕಡೆ ತಿರುಗಿ ನೋಡಿದವನಲ್ಲ. ಕೆಲಸ ನಡೆಯುತ್ತಿರುವಾಗ ಯಾರು ನೋಡುತ್ತಾರೆ?

ಒಂದು ಸಲ, ಮೊಟ್ಟೆ ಇಟ್ಟು ಹದಿನಾಲ್ಕು ದಿನವಾದಾಗ, ಕಂಪ್ಯೂಟರಿನ ಫ್ಯಾನು ನಿಂತುಹೋಯಿತು. ಕಂಪ್ಯೂಟರಿನೊಳಗೆ ಪ್ರೊಸೆಸರ್ ಎಂಬ ಬಿಲ್ಲೆ ಇರುತ್ತದೆ. ದುಡಿದಷ್ಟೂ ಅದು ಬಿಸಿಯಾಗುತ್ತದೆ. ಅದರ ಮೇಲೆ ಒಂದು ಲೋಹದ ಗಟ್ಟಿ. ಗಟ್ಟಿಯ ಮೇಲೆ ಫ್ಯಾನು. ಬಿಲ್ಲೆಯ ಬಿಸಿಯನ್ನು ಗಟ್ಟಿ ಹೀರಬೇಕು, ಗಟ್ಟಿಯ ಬಿಸಿಯನ್ನು ಫ್ಯಾನು ಕಳೆಯಬೇಕು. ಇಷ್ಟೇ.

ರೈತ ಪೇಟೆಗೆ ಹೋಗಿ ಗಟ್ಟಿ ಸಮೇತ ಹೊಸ ಫ್ಯಾನು ಕೊಂಡ. ಅಂಗಡಿಯವನು ಕೂರಿಸುವ ಬಗೆ ಹೇಳಿಕೊಟ್ಟ. ಮೊದಲು ಕರೆಂಟಿನ ವೈರು ಕೀಳಬೇಕು. ಮೈಯಲ್ಲಿ ಕೂಡಿದ ಸಣ್ಣ ಕರೆಂಟು ಇಳಿದುಹೋಗಲು ಬರಿಯ ಕಬ್ಬಿಣವನ್ನು ಒಮ್ಮೆ ಮುಟ್ಟಿ ಆಮೇಲೆ ಒಳಗೆ ಕೈ ಹಾಕಬೇಕು. ಬಿಲ್ಲೆಯ ಬಿಸಿ ಗಟ್ಟಿಗೆ ದಾಟಲೆಂದು ನಡುವೆ ಹಚ್ಚಿದ್ದ, ಈಗ ಒಣಗಿದ ಹಳೆಯ ಪೇಸ್ಟನ್ನು ಒರೆಸಿ, ಹೊಸದನ್ನು ಬಿಲ್ಲೆಯ ಮೇಲೆ ಹೆಸರುಕಾಳಿನಷ್ಟೇ ಇಡಬೇಕು. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಬಿಲ್ಲೆ ಒಡೆದೀತು. ಫ್ಯಾನಿನ ವೈರು ಸಿಕ್ಕಿಸುವ ತನಕ ಸ್ವಿಚ್ಚು ಒತ್ತಬಾರದು.

ರೈತ ಎಲ್ಲವನ್ನೂ ಹಾಗೆಯೇ ಮಾಡಿದ. ಗಟ್ಟಿಯ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಅದನ್ನು ಮಾತ್ರ ಕೀಳಲಿಲ್ಲ. ಕೀಳು ಎಂದು ಅಂಗಡಿಯವನು ಹೇಳಿರಲಿಲ್ಲ. ಅದೂ ಹೇಳುವ ಮಾತೇ ಎಂದುಕೊಂಡಿದ್ದ. ರೈತ ಹೊಸ ಸಾಮಾನಿನ ಹಾಳೆ ಕೀಳುವವನಲ್ಲ. ಎರಡು ವರ್ಷವಾದರೂ ಅವನ ಬೈಕಿನ ಸೀಟಿಗೆ ಕಂಪನಿಯ ಕವರು ಹಾಗೇ ಇತ್ತು. ಟಿವಿಯ ರಿಮೋಟಿಗೂ ಇತ್ತು. ಹೊಸದು ಹೊಸದಾಗಿಯೇ ಇರಲಿ ಎಂದು ಹಾಳೆ ಸಮೇತ ಕೂರಿಸಿದ. ಫ್ಯಾನು ಸೊಗಸಾಗಿ ತಿರುಗಿತು.

ಮಧ್ಯಾಹ್ನ ಕಂಪ್ಯೂಟರ್ ತಾನೇ ಆರಿತು. ಬಿಸಿ ಮೀರಿದಾಗ ಅದು ಹಾಗೆ ಆರುತ್ತದೆ. ಹೀಟರನ್ನು ಆರಿಸಿಯೇ ತಾನು ಆರುತ್ತದೆ. ರೈತ ಮತ್ತೆ ಹಚ್ಚಿದ. ಸ್ವಲ್ಪ ಹೊತ್ತು ದುಡಿದು ಮತ್ತೆ ಆರಿತು. ನಾಲ್ಕು ದಿನ ಹೀಗೇ ಆಯಿತು. ರೈತ ಮುಚ್ಚಳ ತೆಗೆದು ನೋಡುವನು. ಫ್ಯಾನು ಸರಿಯಾಗಿದೆ. “ಹೊಸ ಫ್ಯಾನು ಬಂದ ಮೇಲೆ ಮೈಗಳ್ಳತನ ಕಲಿತೆಯಾ?” ಎಂದು ಮುಚ್ಚಳದ ಮೇಲೆ ಒಂದು ಏಟು ಹಾಕುವನು.

ಹತ್ತೊಂಬತ್ತನೆಯ ದಿನ ಬಂತು. ಒಳಗೆ ಮರಿ ಬಲಿತಿದ್ದವು. ಈಗ ಕಾವು ತಪ್ಪುವಂತಿರಲಿಲ್ಲ. ರೈತ ಬಲ್ಲವನೊಬ್ಬನಿಗೆ ಫೋನು ಮಾಡಿ ಕೇಳಿಕೊಂಡ. ಬಿಸಿಯಾದಾಗ ತಾನೇ ಆರುವ ಆ ಏರ್ಪಾಟನ್ನೇ ತೆಗೆದುಹಾಕಿದ. ಕಂಪ್ಯೂಟರ್ ಆಮೇಲೆ ಆರಲಿಲ್ಲ. ರೈತ ನೆಮ್ಮದಿಯಿಂದ ಹೊಲಕ್ಕೆ ಹೋದ.

ಸಂಜೆ ಬಂದಾಗ ಬಿಲ್ಲೆ ಸುಟ್ಟಿತ್ತು. ಹೀಟರಿಗೆ ಸಾಕು ಎನ್ನುವವರು ಇರಲಿಲ್ಲ. ಅದು ಉರಿಯುತ್ತಲೇ ಇತ್ತು. ರೈತ ಒಂದು ಮೊಟ್ಟೆ ಒಡೆದ. ಮರಿಗೆ ತುಪ್ಪಳ ಬಂದಿತ್ತು, ಜೀವ ಇರಲಿಲ್ಲ. ಎರಡನೆಯದು ಒಡೆದ. ಅದೂ ಹಾಗೆಯೇ. ಮೂರನೆಯದನ್ನು ಕೈಗೆ ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟ.

ಮರುದಿನ ಕಂಪ್ಯೂಟರನ್ನು ಹೊತ್ತು ಪೇಟೆಗೆ ಹೋದ. ಅಂಗಡಿಯವನು ಗಟ್ಟಿ ಬಿಚ್ಚಿದ. ಉಗುರಿನಿಂದ ಹಾಳೆ ಎಬ್ಬಿಸಿ ತೋರಿಸಿದ.

“ಇದೇನಣ್ಣ, ಮಗಳ ಮದುವೆಗೆ ಎತ್ತಿಟ್ಟಿದ್ರಾ?”

“ಫ್ಯಾನು ತಿರುಗ್ತಿತ್ತಲ್ಲಪ್ಪ. ದಿನಾ ನೋಡ್ತಿದ್ದೆ.”

“ಫ್ಯಾನು ನೋಡಿದ್ರಿ. ಈ ಹಾಳೆ ಬಿಸೀನ ಗಟ್ಟಿಗೆ ದಾಟೋಕೇ ಬಿಟ್ಟಿಲ್ಲ. ಸುಡ್ತಾ ಇದ್ದಿದ್ದು ಅದರ ಕೆಳಗೆ.”

ಇಪ್ಪತ್ತೊಂದನೆಯ ದಿನ ಹೆಂಗಸರು ಬುಟ್ಟಿ ಹಿಡಿದು ಬಂದರು. ರೈತ ಬಾಗಿಲಲ್ಲೇ ನಿಂತು ಆದದ್ದನ್ನೆಲ್ಲ ಹೇಳಿದ. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಮಾತ್ರ, “ಕಾವಿಗೆ ಕೂತ ಕೋಳಿ ಎದ್ದು ಬಂದರೆ, ಏನಾಯ್ತೇ ನಿಂಗೆ ಅಂತ ರೆಕ್ಕೆ ಎತ್ತಿ ನೋಡ್ತೀವಿ ಕಣಪ್ಪಾ,” ಎಂದಳು. ಬರಿಯ ಬುಟ್ಟಿ ತೆಗೆದುಕೊಂಡು ಹೋದರು.

ಗುರುಗಳು ಕತೆ ನಿಲ್ಲಿಸಿದರು.

“ಎಂಥ ದಡ್ಡ ಅವನು,” ಎಂದ ಓಬಯ್ಯ. “ಮೊದಲನೆಯ ಸಲ ಆರಿದಾಗಲೇ ತಿಳಿಯಬೇಕಿತ್ತು.”

“ನಿನ್ನ ಹೆಂಡತಿ ಕಳೆ ಕೀಳುತ್ತ ಕೀಳುತ್ತ ಬದುವಿನ ಮೇಲೆ ಕೂತುಬಿಡುತ್ತಿದ್ದಳಲ್ಲ, ಆಗ ನೀನು ಅವಳನ್ನು ಏನೆಂದು ಕೂಗುತ್ತಿದ್ದೆ, ಓಬಯ್ಯ?”