ನದಿಯಾಚೆಯ ಮಂದೆ

“ಹೋಗ್ಲಾ ಬುದ್ಧಿ, ಬ್ಯಾಡ್ವಾ?”

ಗುರುಮಲ್ಲೇಶ ಕೇಳಿದ್ದು ಇಷ್ಟೆ. ಕೇಳಿದ ಮೇಲೆ ಮಾತು ತೀರಾ ಚಿಕ್ಕದಾಯಿತೆನ್ನಿಸಿ ಉಳಿದದ್ದನ್ನೂ ಹೇಳಿದ. ಅವನು ಕಟ್ಟಡಗಳಿಗೆ ವೈರಿಂಗ್ ಮಾಡಿಸುವ ಗುತ್ತಿಗೆದಾರ. ಒಂದು ಕೆಲಸ ಮುಗಿಯುವ ಹೊತ್ತಿಗೆ ಇನ್ನೊಂದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಈಗ ಮಸ್ಕತ್ತಿನ ಹೋಟೆಲೊಂದರಿಂದ ಕರೆ ಬಂದಿತ್ತು. ಕಾಯಂ ಕೆಲಸ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು. ಹೆಂಡತಿ ಸುಧಾಮಣಿಯನ್ನು ಕೇಳಿದರೆ “ನಿಮ್ಮಿಷ್ಟ” ಎಂದು ಒಳಗೆ ಹೋಗುತ್ತಿದ್ದಳು. ಅವಳ ಇಷ್ಟ ಏನೆಂದು ತಿಳಿಯದೆ ಅವನು ಇನ್ನಷ್ಟು ಹೆದರಿದ್ದ. ವಾರದಿಂದ ಊಟ ಸೇರುತ್ತಿರಲಿಲ್ಲ. ಕೊನೆಗೆ ಮಠಕ್ಕೆ ಬಂದು, ಜಗಲಿಯ ಮೇಲೆ ಗುರುಗಳ ಎದುರು ಕೂತಿದ್ದ.

“ನೀನೇನು ಅಂದ್ಕೊಂಡಿದ್ದೀಯಪ್ಪ?” ಎಂದರು ಗುರುಗಳು.

ಅದಕ್ಕೆ ಉತ್ತರ ಸಿದ್ಧವಾಗಿತ್ತು. “ಹೋಗೋದೇ ಸರಿ ಅನ್ಸುತ್ತೆ ಬುದ್ಧಿ. ಆದ್ರೆ ಎಲ್ಲಾ ಬಿಟ್ಟು ಹೋಗಲ್ಲ. ಸುಧಾಮಣಿ, ಮಗು ಇಲ್ಲೇ ಇರ್ತಾರೆ. ಗುತ್ತಿಗೆನೂ ಬಿಡಲ್ಲ. ಒಂದು ಕಲ್ಯಾಣ ಮಂಟಪದ ಕೆಲಸ ಹೊಸದಾಗಿ ಒಪ್ಕೊಂಡಿದ್ದೀನಿ. ಹುಡುಗ್ರು ಮಾಡ್ತಾರೆ, ನಾನು ಅಲ್ಲಿಂದ್ಲೇ ಫೋನಲ್ಲಿ ಹೇಳ್ತಿರ್ತೀನಿ. ಅಲ್ಲಿ ಕೈಕೊಟ್ರೆ ಇಲ್ಲಿ ಜಾಗ ಇರುತ್ತೆ. ಹೆಂಗೆ?”

ಹೀಗೆಂದು ಗುರುಗಳ ಮುಖ ನೋಡಿದ. ಮೆಚ್ಚುತ್ತಾರೆ ಎಂದುಕೊಂಡಿದ್ದ. ಗುರುಗಳು ಮೆಚ್ಚಲೂ ಇಲ್ಲ, ಬೈಯಲೂ ಇಲ್ಲ. “ಒಬ್ಬ ಕುರಿಗಾಹಿ ಇದ್ದ” ಎಂದು ಶುರುಮಾಡಿದರು. ಗುರುಮಲ್ಲೇಶನಿಗೆ ಒಳಗೊಳಗೇ ಸಿಟ್ಟು ಬಂತು. ಅವನಿಗೆ ಬೇಕಾಗಿದ್ದದ್ದು ಒಂದು ಮಾತು, ಕತೆಯಲ್ಲ. ಆದರೆ ಗುರುಗಳ ಎದುರಿನಿಂದ ಎದ್ದು ಹೋಗುವಂತಿರಲಿಲ್ಲ.

ಆ ಕುರಿಗಾಹಿಗೆ ಸ್ವಂತ ಹೊಲವಿರಲಿಲ್ಲ, ಕುರಿಗಳಿದ್ದವು. ಕೊಯ್ಲಾದ ಹೊಲಗಳಲ್ಲಿ ಮಂದೆ ನಿಲ್ಲಿಸುವುದೇ ಅವನ ಬದುಕು. ಹಗಲೆಲ್ಲ ಕುರಿ ಮೇಯಿಸಿ, ಸಂಜೆಗೆ ರೈತನೊಬ್ಬನ ಹೊಲಕ್ಕೆ ತಂದು ಮಲಗಿಸುತ್ತಿದ್ದ. ಕುರಿ ಮಲಗಿದ ನೆಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ರೈತ ದವಸ ಕೊಡುತ್ತಾನೆ. ಆ ಹೊಲ ಮುಗಿದರೆ ಇನ್ನೊಬ್ಬನ ಹೊಲ. ಯಾರಾದರೂ ಕರೆದರೆ ಊಟ, ಕರೆಯದಿದ್ದರೆ ಇಲ್ಲ. ಬಿತ್ತನೆಯಾಯಿತೆಂದರೆ ಯಾರೂ ಕರೆಯುವುದಿಲ್ಲ. ಬೆಳೆ ನಿಂತ ಹೊಲಕ್ಕೆ ಕುರಿಯನ್ನು ಯಾರು ಬಿಟ್ಟುಕೊಳ್ಳುತ್ತಾರೆ? ಹೀಗಾಗಿ ಹೊತ್ತು ಇಳಿಯಿತೆಂದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ನಾಳೆ ಎಲ್ಲಿ? ಉಣ್ಣುವಾಗಲೂ ಅದೇ, ಹೆಂಡತಿ ಮಾತಾಡಿಸಿದಾಗಲೂ ಅದೇ. ಅವಳು ಏನು ಕೇಳಿದಳೆಂಬುದೇ ಅವನ ಕಿವಿಗೆ ಬೀಳುತ್ತಿರಲಿಲ್ಲ.

ನದಿಯಾಚೆ ಬೇರೆ ರಾಜ್ಯ. ಅಲ್ಲೊಬ್ಬ ಜಮೀನುದಾರನಿದ್ದ. ಅವನ ಹೊಲಗಳಿಗೆ ಕೊನೆಮೊದಲಿರಲಿಲ್ಲ. ಒಂದು ಕಡೆ ಬೆಳೆಯಿದ್ದರೆ ಇನ್ನೊಂದು ಕಡೆ ಬೀಳು. ಅವನು ಕುರಿಗಾಹಿಯನ್ನು ಕರೆಸಿ ಹೇಳಿದ: “ಇನ್ಮೇಲೆ ನನ್ನ ಹೊಲದಲ್ಲೇ ಮಂದೆ ನಿಲ್ಸು. ವರ್ಷಪೂರ್ತಿ ದವಸ ಕೊಡ್ತೀನಿ, ಇರೋಕೆ ಮನೆ ಕೊಡ್ತೀನಿ. ಅಲ್ಲಿ ಇಲ್ಲಿ ಅಲೀಬೇಡ.”

ಅವತ್ತು ಕುರಿಗಾಹಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಒಂದಿದ್ದ ಭಯ ಎರಡಾಯಿತು. ಹೋಗದಿದ್ದರೆ ಇಂಥ ಕರೆ ಮತ್ತೆ ಬರುತ್ತದೆಯೇ? ಹೋದ ಮೇಲೆ ಜಮೀನುದಾರ ಬೇಡ ಎಂದುಬಿಟ್ಟರೆ? ಅಷ್ಟರಲ್ಲಿ ಈಚೆಯ ರೈತರು ಬೇರೆ ಮಂದೆಯನ್ನು ಗೊತ್ತುಮಾಡಿಕೊಂಡಿರುತ್ತಾರೆ. ಅದನ್ನು ನೆನೆಸಿದರೆ ಇದು, ಇದನ್ನು ನೆನೆಸಿದರೆ ಅದು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಕುರಿ ಸಾಕುವವರಲ್ಲಿ ಒಂದು ರೂಢಿಯಿದೆ. ಹಾಲು ಕುಡಿಯುವ ಮರಿಗಳನ್ನು ಮೇಯಲು ಕರೆದೊಯ್ಯುವುದಿಲ್ಲ. ಹಗಲು ಅವು ಬಿಡಾರದ ಹತ್ತಿರ ಗೂಡಿನಲ್ಲಿರುತ್ತವೆ, ತಾಯಿಗಳು ಮೇಯಲು ಹೋಗುತ್ತವೆ. ಸಂಜೆ ಮಂದೆ ಬಂದಾಗ ಮರಿಗಳನ್ನು ಬಿಡುತ್ತಾರೆ. ಅಷ್ಟೂ ಮರಿಗಳ ನಡುವೆ ಪ್ರತಿ ತಾಯಿಯೂ ಮೂಸಿ ಮೂಸಿ ತನ್ನದನ್ನೇ ಹುಡುಕಿಕೊಂಡು ಹಾಲು ಕೊಡುತ್ತದೆ.

“ಹೆಂಗೂ ಹಗಲೆಲ್ಲ ಬೇರೆ ಬೇರೆ ಇರ್ತವಲ್ಲ, ಇನ್ನೊಂದಿಷ್ಟು ದಿನ ಬೇರೆ ಇದ್ರೆ ಏನಾಯ್ತು?” ಎಂದ ಹೆಂಡತಿಗೆ. “ತಾಯಿಗಳನ್ನ ನಾನು ಆಚೆ ದಾಟಿಸ್ತೀನಿ. ನೀನು ಮರಿಗಳನ್ನ ಇಟ್ಕೊಂಡು ಇಲ್ಲೇ, ಈಗ ಮಂದೆ ನಿಲ್ಸಿರೋ ಗೌಡ್ರ ಹೊಲದಲ್ಲಿರು. ಅಲ್ಲೂ ನಮ್ಮ ಜಾಗ ಇರುತ್ತೆ, ಇಲ್ಲೂ ನಮ್ಮ ಜಾಗ ಇರುತ್ತೆ.”

“ಯಾಕೋ ನಂಗೆ ಸರಿ ಕಾಣಲ್ಲ” ಎಂದಳು ಅವಳು. ಅವನು ಕೇಳಿಸಿಕೊಳ್ಳಲಿಲ್ಲ. ಹೆದರಿದವನಿಗೆ ತನ್ನ ಉಪಾಯದಷ್ಟು ಚೆಂದದ್ದು ಲೋಕದಲ್ಲಿ ಇನ್ನೊಂದು ಕಾಣುವುದಿಲ್ಲ.

ಇಲ್ಲಿಗೆ ಗುರುಗಳು ನಿಲ್ಲಿಸಿ ನೀರು ಕುಡಿದರು. ಗುರುಮಲ್ಲೇಶ ಒಮ್ಮೆ ಕೆಮ್ಮಿದ. ಈ ಕತೆ ಎತ್ತ ಹೋಗುತ್ತಿದೆಯೆಂದು ಅವನಿಗೆ ಅರ್ಧ ತಿಳಿದಿತ್ತು. ಇನ್ನರ್ಧ ತಿಳಿಯುವುದು ಬೇಡವಾಗಿತ್ತು. ಗುರುಗಳು ಮುಂದುವರಿಸಿದರು.

ಆಚೆ ದಡದಲ್ಲಿ ಮೊದಲ ದಿನ ತಾಯಿಗಳು ಹೊಟ್ಟೆ ತುಂಬ ಮೇದವು. ಕೆಚ್ಚಲು ತುಂಬಿತು. ಹೊತ್ತು ಇಳಿಯುತ್ತಲೇ ಹೊಲ ಬಿಟ್ಟು ನದಿಯ ದಡಕ್ಕೆ ಓಡಿ, ನೀರಿನ ಕಡೆ ಮುಖ ಮಾಡಿ ಅರಚತೊಡಗಿದವು. ಕುರಿಗಾಹಿ ಹೊಡೆದು ಹೊಲಕ್ಕೆ ತಂದ. ಮತ್ತೆ ಓಡಿದವು. ಒಂದೂ ಮಲಗಲಿಲ್ಲ. ಮಾರನೆಯ ಸಂಜೆಯೂ ಹಾಗೆಯೇ ಆಯಿತು, ಆಮೇಲಿನ ಸಂಜೆಗಳೂ ಹಾಗೆಯೇ ಕಳೆದವು. ಗೊಬ್ಬರವೆಲ್ಲ ಮರಳಿನ ಪಾಲಾಯಿತು. ಜಮೀನುದಾರ ಬಂದು ಹೊಲವನ್ನೂ ನೋಡಿದ, ದಡವನ್ನೂ ನೋಡಿದ. ಕೆಟ್ಟವನಲ್ಲ, ಬೈಯಲಿಲ್ಲ.

“ಕುರಿ ಬಂದವೆ. ಮಂದೆ ಬಂದಿಲ್ವಲ್ಲಪ್ಪ” ಎಂದ.

“ಅಭ್ಯಾಸ ಆಯ್ತದೆ ಒಡೆಯಾ, ವಸಿ ದಿನ ತಡ್ಕಳಿ” ಎಂದು ಕುರಿಗಾಹಿ ಕೈಮುಗಿದ.

ಈಚೆ ದಡದಲ್ಲಿ ಅವನ ಹೆಂಡತಿ ಮೇಕೆಹಾಲಿನಲ್ಲಿ ಬಟ್ಟೆ ಅದ್ದಿ ಮರಿಗಳ ಬಾಯಿಗೆ ಹಿಂಡುತ್ತಿದ್ದಳು. ಮೊದಮೊದಲು ಅವು ಬಾಯಿ ತಿರುಗಿಸಿದವು. ಆಮೇಲೆ ಕುಡಿದವು, ಜೀವ ಉಳಿಯಬೇಕಲ್ಲ. ಅವಳು ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗತೊಡಗಿದವು. ಒಂದು ದಿನ ಗೌಡರು ಬಂದು, “ಇದೇನಮ್ಮ, ಬರೀ ಮರಿಗಳು? ನನ್ನ ಹೊಲಕ್ಕೆ ಇವು ಯಾವ ಮೂಲೆಗೆ ಸಾಕು?” ಎಂದರು. ಬೇರೆ ಮಂದೆಗೆ ಹೇಳಿ ಕಳುಹಿಸಿದರು. ಅವರದೂ ತಪ್ಪೆನ್ನಲಾಗದು. ಅವರು ಕೇಳಿದ್ದು ಗೊಬ್ಬರ.

ಕುರಿಗಾಹಿಯ ಪಾಡು ಹೇಳುವಂತಿರಲಿಲ್ಲ. ಮೊದಲು ಸಂಜೆಗೆ ಮಾತ್ರ ಹೊಡೆದುಕೊಳ್ಳುತ್ತಿದ್ದ ಎದೆ ಈಗ ಎದ್ದ ಗಳಿಗೆಯಿಂದ ಹೊಡೆದುಕೊಳ್ಳುತ್ತಿತ್ತು. ಆಚೆಯಿದ್ದರೆ ಮರಿಗಳ ಚಿಂತೆ. ತಡೆಯಲಾರದೆ ದೋಣಿ ಹತ್ತಿ ಈಚೆ ಬಂದರೆ ತಾಯಿಗಳ ಚಿಂತೆ. ಬಂದಷ್ಟೇ ಬೇಗ ತಿರುಗಿ ಓಡುತ್ತಿದ್ದ. ಹೆಂಡತಿ ನೀಡಿದ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಅವನ ಸುಖದುಃಖವೆಲ್ಲ ಗೊತ್ತಿದ್ದದ್ದು ದೋಣಿಯವನೊಬ್ಬನಿಗೆ.

ಹೀಗೇ ಕೆಲವು ವಾರ ಕಳೆದವು. ಒಂದು ಸಂಜೆ ಕುರಿಗಳು ಅರಚಲಿಲ್ಲ. ದಡಕ್ಕೂ ಓಡಲಿಲ್ಲ. ಹೊಲದಲ್ಲೇ ಮಲಗಿದವು. ಕುರಿಗಾಹಿ ಹಿಗ್ಗಿಹೋದ. ಸದ್ಯ, ಹೊಂದಿಕೊಂಡವು ಎಂದುಕೊಂಡ. ಇನ್ನು ಜಮೀನುದಾರ ಬಿಡುವುದಿಲ್ಲ ಎಂಬ ಧೈರ್ಯ ಬಂತು. ಮರುದಿನವೇ ಹೋಗಿ ಹೆಂಡತಿಯನ್ನೂ ಮರಿಗಳನ್ನೂ ದೋಣಿಯಲ್ಲಿ ಕರೆತಂದ. ಸಂಜೆ ಮೇದು ಬಂದ ತಾಯಿಗಳ ನಡುವೆ ಮರಿಗಳನ್ನು ಬಿಟ್ಟ.

ತಾಯಿಗಳು ಹತ್ತಿರ ಬಂದು ಮೂಸಿದವು. ಮರಿಗಳ ಮೈಯೆಲ್ಲ ಮೇಕೆಹಾಲಿನ ವಾಸನೆ, ಹೆಂಗಸಿನ ಕೈಯ ವಾಸನೆ. ತಲೆಯಿಂದ ಗುದ್ದಿ ಮುಂದೆ ಹೋದವು. ಕೆಚ್ಚಲು ಬತ್ತಿತ್ತು. ಮರಿಗಳೂ ಹಿಂದೆ ಹೋಗಲಿಲ್ಲ, ಹೆಂಡತಿಯ ಸೀರೆಯ ಪಕ್ಕ ಬಂದು ನಿಂತವು. ಕುರಿಗಾಹಿ ಒಂದು ಮರಿಯನ್ನು ಎತ್ತಿಕೊಂಡು ತಾಯಿಯಿಂದ ತಾಯಿಗೆ ಒಯ್ದ. “ನಿಂದೇ ಕಣೇ, ಸರಿಯಾಗಿ ನೋಡೇ” ಎಂದು ಬೇಡಿಕೊಂಡ. ಒಂದೂ ತನ್ನದೆನ್ನಲಿಲ್ಲ. ಕೊನೆಗೆ ಅದು ಯಾವ ತಾಯಿಯ ಮರಿಯೆಂಬುದು ಅವನಿಗೇ ತಿಳಿಯಲಿಲ್ಲ. ಹೊಲದ ನಡುವೆ ಮರಿ ಹಿಡಿದುಕೊಂಡು ಅತ್ತ.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಮನೆಯಲ್ಲಿ ಗುರುಮಲ್ಲೇಶನ ಮಗಳು ಈಗಷ್ಟೇ ಅಪ್ಪ ಎನ್ನಲು ಕಲಿತಿದ್ದಳು. ಅವನಿಗೊಂದು ಸಮಾಧಾನವಾಯಿತು: ಅಂತೂ ಉತ್ತರ ಸಿಕ್ಕಿತು. ಸೋಮವಾರ ಉಹೂಂ ಎಂದುಬಿಟ್ಟರೆ ಮುಗಿಯಿತು, ಕಲ್ಯಾಣ ಮಂಟಪದ ಕೆಲಸ ಇದ್ದೇ ಇದೆ.

“ಹಂಗಾದ್ರೆ ಅವನು ಹೋಗಬಾರದಾಗಿತ್ತು. ಅಲ್ವಾ ಬುದ್ಧಿ?” ಎಂದ.

ಗುರುಗಳು ಅವನನ್ನೇ ನೋಡಿದರು.

“ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ದೋನ ಕತೆ ಹೇಳ್ದೆ. ಹೋದೋನ ಕತೆ ನಾನೆಲ್ಲಿ ಹೇಳ್ದೆ ಮಗಾ?”