ಕರೆಹಕ್ಕಿಗಳ ಗುಡ್ಡ

‘ಅಪ್ಪಾವರೇ, ಮೂಡಲ ಸೀಮೆಯಲ್ಲಿ ನಮ್ಮದೊಂದು ಶಾಖಾಮಠ ಯಾಕೆ ಕಟ್ಟಬಾರದು?’ ಎಂದು ಶಿಷ್ಯ ಅಡಿವೆಯ್ಯ ಗುರುಗಳನ್ನು ಕೇಳಿದ.

ಆ ತಿಂಗಳು ಮಠದ ಶಿಷ್ಯರೆಲ್ಲ ಅದೇ ಸೀಮೆಯ ಊರುಗಳಲ್ಲಿ ತಿರುಗಿ ಬಂದಿದ್ದರು. ಒಬ್ಬೊಬ್ಬರದು ಒಂದೊಂದು ದಾರಿ, ಯಾರು ಯಾವ ಸಭೆಗೆ ಹೋದರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಡಿವೆಯ್ಯ ತಾನು ಕಂಡದ್ದನ್ನು ಹೇಳಿದ. ಯಾವ ಊರಿನ ಸಭೆಯಲ್ಲಾದರೂ ಸರಿ, ಅಪ್ಪಾವರ ಒಂದು ಮಾತು ಹೇಳಿದರೆ ಅದರ ಮುಂದಿನ ಮಾತು ಹಿಂದಿನ ಸಾಲಿನಿಂದ ತಾನಾಗಿ ಬರುತ್ತಿತ್ತಂತೆ. ಹಾಗೆ ಮುಂದುವರಿಸಿದವನ ಮುಖ ಜನರ ನಡುವೆ ಕಾಣುತ್ತಿರಲಿಲ್ಲವಂತೆ. ತಮಗೂ ಹಾಗೇ ಆಯಿತು ಎಂದು ಉಳಿದ ಶಿಷ್ಯರೂ ದನಿಗೂಡಿಸಿದರು. ಸೀಮೆಯೇ ಭಕ್ತರಿಂದ ತುಂಬಿ ತುಳುಕುತ್ತಿದೆ, ಮಠ ಕಟ್ಟಿದರೆ ಸಾಕು, ಜನ ಬಂದು ಕಾಲಿಗೆ ಬೀಳುತ್ತಾರೆ ಎಂಬುದು ಅಡಿವೆಯ್ಯನ ನಂಬಿಕೆ. ಮಠವೆಂದ ಮೇಲೆ ಅದಕ್ಕೊಬ್ಬ ಸ್ವಾಮಿ ಬೇಕು ಎಂಬುದನ್ನೂ, ಆ ಸ್ವಾಮಿ ಯಾರಾದರೆ ಚೆನ್ನ ಎಂಬುದನ್ನೂ ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂದು ಹೊಸ ಶಲ್ಯ ಹೊದ್ದು ಬಂದಿದ್ದ.

ಗುರುಗಳು ಶಲ್ಯ ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಕುರುಚಲು ಗುಡ್ಡ. ಅದರ ಬುಡದಲ್ಲಿ ಬೇಟೆಗಾರರ ಊರು. ಗುಡ್ಡದ ತುಂಬ ಗೌಜಲಹಕ್ಕಿ. ಅದು ಮಣ್ಣಿನ ಬಣ್ಣದ ಹಕ್ಕಿ. ಕಣ್ಣಿಗೆ ಬೀಳುವುದು ಕಡಿಮೆ, ಕಿವಿಗೆ ಬೀಳುವುದೇ ಹೆಚ್ಚು. ಅದನ್ನು ಹಿಡಿದು ತಿನ್ನುವುದು, ಉಳಿದದ್ದನ್ನು ಸಂತೆಗೆ ಒಯ್ಯುವುದು, ಅದೇ ಊರಿನ ಬದುಕು. ಗುಡ್ಡ ಕೂಗಿದರೆ ಒಲೆ ಉರಿಯಬೇಕು.

ಹಿಡಿಯಲು ಬಲೆ ಬೇಡ, ಬಂದೂಕು ಬೇಡ. ಸಾಕಿದ ಒಂದು ಗಂಡುಹಕ್ಕಿ ಇದ್ದರೆ ಸಾಕು. ಅದಕ್ಕೆ ಕರೆಹಕ್ಕಿ ಎನ್ನುತ್ತಿದ್ದರು. ಅದನ್ನು ಬಿದಿರಿನ ಪಂಜರದಲ್ಲಿ ಗುಡ್ಡಕ್ಕೆ ಒಯ್ದು, ಸುತ್ತ ಕುದುರೆಬಾಲದ ಕೂದಲಿನ ಉರುಲು ನೆಟ್ಟು, ಪಂಜರದ ಬಟ್ಟೆ ಸರಿಸಿ, ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕೂರಬೇಕು. ಕರೆಹಕ್ಕಿ ಕೂಗುತ್ತದೆ. ನನ್ನ ಜಾಗದಲ್ಲಿ ನಿಂತು ಕೂಗುವವನು ಯಾವನು ಎಂದು ಗುಡ್ಡದ ಗಂಡುಹಕ್ಕಿ ಎದೆಯುಬ್ಬಿಸಿಕೊಂಡು ಜಗಳಕ್ಕೆ ಬರುತ್ತದೆ. ಗಂಡನ ಜಗಳ ನೋಡೋಣವೆಂದು ಹಿಂದೆ ಹೆಣ್ಣೂ ಬರುತ್ತದೆ. ಎರಡರ ಕಾಲಿಗೂ ಉರುಲು.

ಹೆಣ್ಣು ನೇರ ಒಲೆಗೆ. ಗಂಡಿನ ಕೂಗು ಚೆನ್ನಾಗಿದ್ದರೆ ಅದು ಒಲೆಗೆ ಹೋಗುವುದಿಲ್ಲ, ಪಂಜರಕ್ಕೆ ಹೋಗುತ್ತದೆ. ನಾಳೆಯಿಂದ ಅದೂ ಕರೆಹಕ್ಕಿ.

ಆ ಊರಿನಲ್ಲಿ ಎರಡು ಕಟ್ಟಳೆ ಇದ್ದವು. ಒಂದು, ಬೇಟೆಯ ಕಾಲ ಶುರುವಾಗುವ ಮೊದಲು ಊರಿನ ಹಿರಿಯನೊಬ್ಬನೇ ಮುಂಜಾನೆ ತನ್ನ ಕರೆಹಕ್ಕಿಯೊಡನೆ ಗುಡ್ಡ ಹತ್ತಿ ಕೂಗು ಕೇಳಬೇಕು. ಅವನು ಇಳಿದು ಬರುವವರೆಗೂ ಉಳಿದವರ ಪಂಜರಗಳೆಲ್ಲ ಬಟ್ಟೆ ಮುಚ್ಚಿ ಮನೆಯೊಳಗೇ ಇರಬೇಕು. ಗುಡ್ಡ ದಟ್ಟವಾಗಿ ಉತ್ತರ ಕೊಟ್ಟರೆ ಬೇಟೆ ಉಂಟು. ಉತ್ತರ ತೆಳುವಾಗಿದ್ದರೆ ಆ ವರ್ಷ ಗುಡ್ಡವನ್ನು ಬಿಡಬೇಕು. ಊರು ಕಸಬರಿಗೆ ಕಟ್ಟಿಯೋ ಕಲ್ಲು ಹೊತ್ತೋ ಹೊಟ್ಟೆ ಹೊರೆಯಬೇಕು. ಇನ್ನೊಂದು ಕಟ್ಟಳೆ, ಯಾವ ಬೇಟೆಗಾರನೂ ತಾನು ಕೂರುವ ಜಾಗವನ್ನು ಇನ್ನೊಬ್ಬನಿಗೆ ಹೇಳಬಾರದು. ಹೆಂಡತಿಗೆ ಹೇಳಬಹುದಿತ್ತೋ ಏನೋ, ಹೆಂಡತಿಯ ಅಣ್ಣನಿಗಂತೂ ಹೇಳುವಂತಿರಲಿಲ್ಲ.

ಒಂದು ವರ್ಷ ಹಿರಿಯ ಇಳಿದು ಬಂದು, ಗುಡ್ಡ ಸೊರಗಿದೆ, ಬಿಡಿ ಎಂದ. ಬಿಟ್ಟರು. ಮರುವರ್ಷವೂ ಹಾಗೇ ಎಂದ. ಇದೊಂದು ವರ್ಷ ಮುಟ್ಟದಿದ್ದರೆ ಗುಡ್ಡ ಉಳಿದುಕೊಳ್ಳುತ್ತದೆ, ಮುಟ್ಟಿದರೆ ನಿಮ್ಮ ಮಕ್ಕಳಿಗೆ ಗೌಜಲಹಕ್ಕಿ ಹೇಗಿತ್ತು ಎಂದು ನೀವೇ ಕೂಗಿ ತೋರಿಸಬೇಕಾಗುತ್ತದೆ ಎಂದೂ ಹೇಳಿದ.

ಕಸಬರಿಗೆ ಕಟ್ಟಿ ಊರಿಗೆ ಸಾಕಾಗಿತ್ತು. ಒಬ್ಬ ಬೇಟೆಗಾರನಿಗೆ ಎಲ್ಲರಿಗಿಂತ ಹೆಚ್ಚು ಸಾಕಾಗಿತ್ತು. ಅವನ ಕರೆಹಕ್ಕಿಯ ಹೆಸರು ಜಮಾದಾರ. ಸುತ್ತಲ ಸೀಮೆಯಲ್ಲಿ ಅದರಷ್ಟು ಗಟ್ಟಿ ಗಂಟಲು ಇರಲಿಲ್ಲ. ಅಂಥ ಹಕ್ಕಿಗೆ ಬಟ್ಟೆ ಮುಚ್ಚಿ ಕೂರಿಸಿ ತಾನು ಹುಲ್ಲು ಕೊಯ್ಯುವುದು ಅವನಿಗೆ ಅವಮಾನವೆನಿಸಿತು. ಅಜ್ಜನ ಕಿವಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ಅವನಿಗೆ ಗುಡುಗೂ ಕೇಳಿಸಲಿಕ್ಕಿಲ್ಲ ಎಂದು ಊರೆಲ್ಲ ಆಡಿಕೊಂಡು ನಕ್ಕ. ಊರೂ ನಕ್ಕಿತು. ನಕ್ಕ ಮೇಲೆ ಅದನ್ನೇ ನಂಬಿತು.

ಒಂದು ಮುಂಜಾನೆ ಅವನು ಯಾರಿಗೂ ಹೇಳದೆ ಜಮಾದಾರನನ್ನು ಗುಡ್ಡಕ್ಕೆ ಒಯ್ದ. ಬಟ್ಟೆ ಸರಿಸಿದ. ಜಮಾದಾರ ಕೂಗಿತು. ಗುಡ್ಡ ಉತ್ತರ ಕೊಟ್ಟಿತು. ಬಲಗಡೆಯಿಂದ ಕೊಟ್ಟಿತು, ಎಡಗಡೆಯಿಂದ ಕೊಟ್ಟಿತು, ಹಳ್ಳದ ಆಚೆಯಿಂದಲೂ ಕೊಟ್ಟಿತು. ಅವನಿಗೆ ಕಣ್ಣಲ್ಲಿ ನೀರು ಬಂತು. ಉರುಲು ತಂದಿರಲಿಲ್ಲ, ಹಾಗಾಗಿ ಕೇಳಿಸಿಕೊಂಡು ಇಳಿದು ಬಂದ.

ಊರ ನಡುವೆ ನಿಂತು, ಗುಡ್ಡ ತುಂಬಿದೆ ಎಂದ. ನಾವೂ ಕೇಳಿದೆವು ಎಂದು ಇಡೀ ಊರೇ ಹೇಳಿತು.

ಹಿರಿಯನಿಗೂ ಆ ಬೆಳಿಗ್ಗೆ ತನ್ನ ಜಗಲಿಯ ಮೇಲೆ ಆ ಕೂಗು ಕೇಳಿಸಿತ್ತು. ಅವನು ಒಂದೇ ಮಾತು ಕೇಳಿದ. ನಿಮ್ಮಲ್ಲಿ ಯಾರಾದರೂ ಪಂಜರ ಹೊತ್ತು ಗುಡ್ಡಕ್ಕೆ ಹೋಗಿದ್ದಿರಾ ಎಂದ. ಬೇಟೆಗಾರ ಇಲ್ಲವೆಂದ, ಜಾಗ ಬಿಟ್ಟುಕೊಡಲು ಅವನಿಗೇನು ಹುಚ್ಚೇ. ಹಿತ್ತಲಿಗೆ ಹೋಗಿದ್ದೆ, ಅಲ್ಲಿಂದಲೇ ಕೇಳಿಸಿತು ಎಂದ. ಅವನ ಭಾವನೂ ಹಿತ್ತಲಿಗೆ ಹೋಗಿದ್ದನಂತೆ. ಪಕ್ಕದ ಮನೆಯವನೂ ಹಿತ್ತಲಿನಲ್ಲೇ ಇದ್ದನಂತೆ. ಅಂದು ಬೆಳಿಗ್ಗೆ ಊರಿಗೆ ಊರೇ ಹಿತ್ತಲಿನಲ್ಲಿತ್ತು.

ಹಿರಿಯ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಹಾಗಾದರೆ ಕೆಟ್ಟದ್ದು ನನ್ನ ಕಿವಿಯೇ ಇರಬೇಕು ಎಂದ. ಬೇಟೆಗೆ ಅಪ್ಪಣೆ ಕೊಟ್ಟ.

ಆ ವರ್ಷ ಒಂದಿಷ್ಟು ಹಕ್ಕಿ ಸಿಕ್ಕವು. ಹೆಣ್ಣುಗಳನ್ನು ತಿಂದರು, ಗಂಡುಗಳಿಗೆ ಪಂಜರ ಹೆಣೆದರು. ಮರುವರ್ಷ ಕೂಗು ಇನ್ನೂ ಜೋರಾಗಿ ಕೇಳಿಸಿತು, ಹಕ್ಕಿ ಇನ್ನೂ ಕಡಿಮೆ ಸಿಕ್ಕಿತು. ಹಕ್ಕಿಗೆ ಬುದ್ಧಿ ಬಂದಿದೆ, ಒಂದು ಕರೆಹಕ್ಕಿಗೆ ಈಗ ಅದು ಮೋಸ ಹೋಗುವುದಿಲ್ಲ ಎಂದರು. ಒಂದು ಪಂಜರ ಒಯ್ಯುತ್ತಿದ್ದವನು ಎರಡು ಒಯ್ದ. ಅದರ ಮುಂದಿನ ವರ್ಷ ಗುಡ್ಡ ಎಷ್ಟು ಕೂಗಿತೆಂದರೆ, ಹಸಿದ ಮಕ್ಕಳಿಗೆ ತಾಯಂದಿರು ಅದನ್ನೇ ಕೇಳಿಸಿ, ಇವತ್ತು ಅಪ್ಪ ತರುತ್ತಾನೆ ಮಲಗು ಎನ್ನುತ್ತಿದ್ದರು. ಅಪ್ಪ ಖಾಲಿ ಉರುಲು ಸುತ್ತಿಕೊಂಡು ಬರುತ್ತಿದ್ದ.

ಕಡೆಗೊಂದು ಬೆಳಿಗ್ಗೆ ಆ ಬೇಟೆಗಾರ ಹಳ್ಳದ ಈಚೆ ಜಮಾದಾರನನ್ನಿಟ್ಟು ಕೂತ. ಹಳ್ಳದ ಆಚೆಯಿಂದ ಒಂದು ಹಕ್ಕಿ ಉತ್ತರ ಕೊಟ್ಟಿತು. ಒಳ್ಳೆಯ ಗಂಡು, ಗಂಟಲಲ್ಲಿ ಜಮಾದಾರನಿಗೆ ಸರಿಸಮ. ಅದು ಕೂಗುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಬಿಸಿಲೇರಿತು. ಇದು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಅವನು ಹೊಟ್ಟೆಯ ಮೇಲೆ ತೆವಳುತ್ತ ಹಳ್ಳಕ್ಕಿಳಿದ. ನಡುಹಳ್ಳದಲ್ಲಿ ಅವನ ತಲೆಗೆ ಇನ್ನೊಂದು ತಲೆ ಡಿಕ್ಕಿ ಹೊಡೆಯಿತು.

‘ಯಾಕೆ ಭಾವ, ನಿನ್ನ ಹಿತ್ತಲು ಇಷ್ಟು ದೂರವಾ?’ ಎಂದ ಬೇಟೆಗಾರ.

‘ನಿನ್ನದಕ್ಕಿಂತ ಸ್ವಲ್ಪ ಹತ್ತಿರ,’ ಎಂದ ಭಾವ. ಆಮೇಲೆ ಅವನ ಮುಖ ಬಾಡಿತು. ‘ಆಚೆ ಕೂಗುತ್ತಿದ್ದದ್ದು ನಿನ್ನದಾ?’

ಇಬ್ಬರೂ ನಗಲು ಬಾಯಿ ತೆರೆದರು. ನಗು ಬರಲಿಲ್ಲ. ಬೇಟೆಗಾರ ಎದ್ದು ನಿಂತು, ಪೊದೆ ಹಿಂದೆ ಯಾರಿದ್ದೀರಿ, ಏಳಿ ಎಂದು ಕೂಗು ಹಾಕಿದ. ಒಂದು ಪೊದೆಯ ಹಿಂದೆ ಒಬ್ಬ ಎದ್ದ. ಇನ್ನೊಂದರ ಹಿಂದೆ ಇನ್ನೊಬ್ಬ ಎದ್ದ. ಗುಡ್ಡದ ನೆತ್ತಿಯವರೆಗೂ ಕಳ್ಳರಂತೆ ಒಬ್ಬೊಬ್ಬರೇ ಎದ್ದು ನಿಂತರು. ಹಕ್ಕಿಯಿಲ್ಲದ ಗುಡ್ಡದಲ್ಲಿ ಊರು ಮೊಳೆತ ಹಾಗಿತ್ತು.

ಅಷ್ಟರಲ್ಲಿ ಕೋಲೂರಿಕೊಂಡು ಹಿರಿಯ ಬಂದ. ನೋಡಿದ. ಯಾರನ್ನೂ ಬೈಯಲಿಲ್ಲ. ಪಂಜರಗಳಿಗೆ ಬಟ್ಟೆ ಮುಚ್ಚಿ ಎಂದ.

ಒಂದು ಪಂಜರಕ್ಕೆ ಬಟ್ಟೆ ಬಿತ್ತು, ಒಂದು ಕೂಗು ನಿಂತಿತು. ಇನ್ನೊಂದಕ್ಕೆ ಬಿತ್ತು, ಇನ್ನೊಂದು ನಿಂತಿತು. ಕೊನೆಗೆ ಜಮಾದಾರ ಒಂದೇ ಕೂಗುತ್ತಿತ್ತು. ಬೇಟೆಗಾರ ಕೈಯಲ್ಲಿ ಬಟ್ಟೆ ಹಿಡಿದು ಹಿರಿಯನ ಮುಖ ನೋಡಿದ. ಹಿರಿಯ ತಲೆಯಾಡಿಸಿದ. ಬೇಟೆಗಾರ ಮುಚ್ಚಿದ.

ಗುಡ್ಡದಲ್ಲಿ ಗಾಳಿ ಮಾತ್ರ ಇತ್ತು.

ಬೇಟೆಗಾರ ಪಂಜರದ ಬಾಗಿಲು ತೆಗೆದ. ಎಲ್ಲರೂ ಬಿಟ್ಟುಬಿಡೋಣ, ಇಷ್ಟೊಂದು ಹಕ್ಕಿ ಇವೆ, ಬರುವ ಮಳೆಗಾಲದ ಹೊತ್ತಿಗೆ ಗುಡ್ಡ ಮತ್ತೆ ತುಂಬುತ್ತದೆ ಎಂದ.

‘ಇವೆಲ್ಲ ಗಂಡು,’ ಎಂದ ಹಿರಿಯ. ‘ಹೆಣ್ಣುಗಳನ್ನು ತಿಂದಾಯಿತಲ್ಲೋ ಮಗಾ.’

ಜಮಾದಾರ ಹೊರಗೆ ಬಂತು. ಎದೆಯುಬ್ಬಿಸಿ ಅತ್ತಿತ್ತ ನೋಡಿತು. ಜಗಳಕ್ಕೆ ಯಾರೂ ಬರಲಿಲ್ಲ. ಪಂಜರದ ಸುತ್ತ ಒಂದು ಸುತ್ತು ಹಾಕಿ, ತಾನಾಗಿಯೇ ಒಳಗೆ ಹೋಗಿ, ಬಟ್ಟೆ ಮುಚ್ಚಲೆಂದು ಕಾಯುತ್ತ ಕೂತಿತು. ಆ ಊರಿನವರು ಇಂದಿಗೂ ಕಸಬರಿಗೆ ಕಟ್ಟುತ್ತಾರೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಅಡಿವೆಯ್ಯ ಕೈಮುಗಿದು, ‘ತಿಳಿಯಿತು ಅಪ್ಪಾವರೇ,’ ಎಂದ.

ಬಾಗಿಲ ಹತ್ತಿರ ಕೂತಿದ್ದ ಶಿಷ್ಯ, ‘ತಿಳಿಯಿತು ಅಪ್ಪಾವರೇ,’ ಎಂದ. ಕಂಬಕ್ಕೆ ಒರಗಿದವನೂ ಹಾಗೇ ಎಂದ. ಹಿಂದಿನ ಸಾಲಿನಿಂದ ಉಳಿದವರೂ ಅದನ್ನೇ ಎಂದರು. ಆ ದನಿಗಳನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅಡಿವೆಯ್ಯ ನಿಧಾನವಾಗಿ ಹಿಂದಕ್ಕೆ ತಿರುಗಿದ. ಮೂಡಲ ಸೀಮೆಯ ಸಭೆಗಳಲ್ಲಿ ಕಾಣದಿದ್ದ ಮುಖಗಳು ಒಂದೊಂದಾಗಿ ಕಂಡವು. ಅವನ ಹೆಗಲಿನಿಂದ ಶಲ್ಯ ಜಾರಿತು, ಎತ್ತಿಕೊಳ್ಳಲಿಲ್ಲ.

‘ಎಲ್ಲರೂ ಇಲ್ಲೇ ಇದ್ದೀರಿ, ಹಾಗಾದರೆ ಗುಡ್ಡದಲ್ಲಿ ಯಾರಿದ್ದಾರೆ?’ ಎಂದರು ಗುರುಗಳು.